ಮದ್ದಿಗಿಂತ ಮೊದಲು ಒಂದು ಪ್ರಶ್ನೆ

ಗಿರಣಿಯ ಕಾಮಗಾರನೊಬ್ಬನಿಗೆ ಕೆಮ್ಮು ಹತ್ತಿತು ಎನ್ನಿ. ದವಾಖಾನೆಗೆ ಹೋಗುತ್ತಾನೆ. ಹೆಸರೇನು, ವಯಸ್ಸೆಷ್ಟು, ಕೆಮ್ಮು ಎಷ್ಟು ದಿನದಿಂದ, ಕಫ ಬೀಳುತ್ತದೆಯೆ, ಬೀಡಿ ಸೇದುವ ಚಟವುಂಟೆ? ಇಷ್ಟು ಪ್ರಶ್ನೆ ಮುಗಿಯುವಷ್ಟರಲ್ಲಿ ಗುಳಿಗೆಯ ಚೀಟಿ ಕೈಗೆ ಬರುತ್ತದೆ; ಮುಂದಿನ ರೋಗಿ ಒಳಕ್ಕೆ ಬರುತ್ತಾನೆ. ಈ ಮನುಷ್ಯ ದಿನಕ್ಕೆ ಎಂಟು ಗಂಟೆ ಎಂಥ ಗಾಳಿಯನ್ನು ಉಸಿರಾಡುತ್ತಾನೆಂದು ಯಾರೂ ಕೇಳಲಿಲ್ಲ. ಕೇಳದೆ ಬಿಟ್ಟ ಈ ಒಂದು ಪ್ರಶ್ನೆಯಿಂದ ದುಡಿಯುವ ವರ್ಗಕ್ಕೆ ಆಗಿರುವ ನಷ್ಟ ಸಣ್ಣದಲ್ಲ.

ಪ್ರಶ್ನೆ ಹೊಸದೇನೂ ಅಲ್ಲ. 1633ರಲ್ಲಿ ಇಟಲಿಯಲ್ಲಿ ಹುಟ್ಟಿದ ಬರ್ನಾರ್ಡಿನೊ ರಮಾಜಿನಿ ಎಂಬ ವೈದ್ಯ 1700ರಲ್ಲಿ ದುಡಿಯುವವರ ರೋಗಗಳನ್ನು ಕುರಿತು ಒಂದು ಗ್ರಂಥ ಬರೆದ. ಅವನ ಮನೆಯ ಮಲದ ಗುಂಡಿಯನ್ನು ಶುದ್ಧಮಾಡಲು ಬಂದ ಆಳೊಬ್ಬ ಏದುಸಿರು ಬಿಡುತ್ತ ಅವಸರ ಅವಸರವಾಗಿ ಕೆಲಸ ಮುಗಿಸುತ್ತಿದ್ದುದನ್ನು ಅವನು ಕಂಡ. ಏಕಿಷ್ಟು ಅವಸರವೆಂದು ವಿಚಾರಿಸಿದಾಗ, ಹೆಚ್ಚು ಹೊತ್ತು ಒಳಗಿದ್ದರೆ ಕಣ್ಣೇ ಹೋಗುತ್ತದೆಂದು ಆಳು ಹೇಳಿದ. ಅಲ್ಲಿಂದ ರಮಾಜಿನಿ ಕುಂಬಾರರ, ಗಣಿಯವರ, ನೇಕಾರರ ಕೆಲಸದ ಜಾಗಗಳನ್ನು ಹುಡುಕಿಕೊಂಡು ಹೊರಟ. ವೈದ್ಯನಾದವನು ರೋಗಿಗೆ ಹಾಕತಕ್ಕ ಹಳೆಯ ಪ್ರಶ್ನೆಗಳ ಜೊತೆಗೆ ಇನ್ನೊಂದನ್ನು ಸೇರಿಸಬೇಕೆಂದ: ನಿನ್ನ ಕಸುಬು ಯಾವುದು? ಮುನ್ನೂರು ವರ್ಷಗಳಾಚೆ ಕಲಿಸಿದ ಪಾಠವಿದು. ನಮ್ಮ ದವಾಖಾನೆಗಳ ಸಾಲಿನಲ್ಲಿ ಅದು ಇನ್ನೂ ಬಾಯಿಪಾಠವಾಗಿಲ್ಲ.

ಈ ವಿದ್ಯೆಯಲ್ಲಿ ನಾನು ಈಗಲೂ ವಿದ್ಯಾರ್ಥಿಯೇ. ಶಾಲೆಯಲ್ಲಿ ಆರೋಗ್ಯಶಾಸ್ತ್ರದ ಪಾಠ ಹೇಳುತ್ತಿದ್ದಾಗ ಕೈ ತೊಳೆದುಕೊಳ್ಳಬೇಕು, ಉಗುರು ಕತ್ತರಿಸಬೇಕು, ಕಿಟಕಿ ತೆರೆದು ಮಲಗಬೇಕು ಎಂದು ಹಲಗೆಯ ಮೇಲೆ ಬರೆಯುತ್ತಿದ್ದೆ. ಅದರಲ್ಲಿ ಸುಳ್ಳಿಲ್ಲ. ಆದರೆ ಆ ಪುಸ್ತಕಗಳಲ್ಲಿ ಮನೆಯಿತ್ತು, ಶಾಲೆಯಿತ್ತು, ಗಿರಣಿ ಇರಲಿಲ್ಲ. ಮನೆಯ ಕಿಟಕಿಯನ್ನು ತೆರೆಯುವವನು ಮನೆಯಾತ. ಗಿರಣಿಯ ಕಿಟಕಿಯನ್ನು ತೆರೆಯುವ ಅಧಿಕಾರ ಕಾಮಗಾರನಿಗೆ ಇದೆಯೆ? ಮುಂದಿನ ಪಾಠವನ್ನು ನನಗೆ ಹೇಳಿಕೊಟ್ಟವರು ಅರಳೆಯ ನಡುವೆ ಕೆಲಸಮಾಡಿದವರು.

ಹತ್ತಿಯ ಮಾತನ್ನೇ ತೆಗೆದುಕೊಳ್ಳೋಣ. ಹತ್ತಿಯ ಅಂಡಿಗೆಯನ್ನು ಒಡೆದು ಬ್ಲೋ ರೂಮಿನಲ್ಲಿ ಹಿಂಜಿ, ಕಾರ್ಡಿಂಗ್ ಖಾತೆಯಲ್ಲಿ ಬಾಚುವಾಗ ಧೂಳು ಏಳುತ್ತದೆ. ಆ ಧೂಳಿನಲ್ಲಿ ಎಲೆಯ ಚೂರು, ಕಾಯಿಯ ಸಿಪ್ಪೆ, ಅವುಗಳಿಗೆ ಅಂಟಿಕೊಂಡ ಸೂಕ್ಷ್ಮಜೀವಿಗಳ ವಿಷ ಎಲ್ಲವೂ ಸೇರಿರುತ್ತವೆ. ವರ್ಷಗಟ್ಟಲೆ ಇದನ್ನು ಉಸಿರಾಡಿದವರಿಗೆ ಬರುವ ರೋಗಕ್ಕೆ ವೈದ್ಯರು ಬಿಸಿನೋಸಿಸ್ ಎಂದು ಹೆಸರಿಟ್ಟಿದ್ದಾರೆ. ಇದರ ನಡೆ ವಿಚಿತ್ರ. ವಾರದ ರಜೆ ಕಳೆದು ಮೊದಲನೆಯ ದಿನ ಕೆಲಸಕ್ಕೆ ಹೋದಾಗ ಎದೆ ಬಿಗಿಯುತ್ತದೆ, ಉಸಿರು ಸಾಲದೆ ಹೋಗುತ್ತದೆ. ಮರುದಿನ ಹಗುರವಾಗುತ್ತದೆ. ವರ್ಷಗಳು ಉರುಳಿದಂತೆ ಆ ಬಿಗಿ ಎರಡನೆಯ ದಿನಕ್ಕೆ, ಮೂರನೆಯ ದಿನಕ್ಕೆ ಹಬ್ಬಿ, ಕೊನೆಗೆ ವಾರವೆಲ್ಲ ನಿಂತುಬಿಡುತ್ತದೆ. ಆ ಮೇಲೆ ಗಿರಣಿ ಬಿಟ್ಟರೂ ರೋಗ ಬಿಡುವುದಿಲ್ಲ.

‘ಬೀಡಿ ಸೇದಿ ಸೇದಿ ಹೀಗಾಗಿದೆ’ ಎನ್ನುತ್ತಾರೆ ಮಾಲೀಕರ ಕಡೆಯವರು. ಬೀಡಿ ಸೇದುವವನಲ್ಲಿ ಈ ರೋಗ ಹೆಚ್ಚು ಬಲಿಯುತ್ತದೆಂಬುದು ನಿಜ. ಬೀಡಿ ಬಿಡುವುದು ಒಳ್ಳೆಯದೇ. ಆದರೆ ಬೀಡಿಗೆ ಸೋಮವಾರ ಗೊತ್ತಿಲ್ಲ. ರಜೆಯ ಮರುದಿನವನ್ನು ಗುರುತು ಹಿಡಿದು ಎದೆಯನ್ನು ಹಿಚುಕುವುದು ಗಿರಣಿಯ ಧೂಳು ಮಾತ್ರ.

ಇನ್ನೊಂದು ಸಂಗತಿಯನ್ನು ಮನಸ್ಸಿನಲ್ಲಿಡಬೇಕು. ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್ ರೋಗ ಕ್ಷ-ಕಿರಣದ ಚಿತ್ರದಲ್ಲಿ ಗುರುತು ಬಿಡುತ್ತದೆ. ಹತ್ತಿಯ ರೋಗಕ್ಕೆ ಹಾಗೆ ತನ್ನದೇ ಆದ ಗುರುತು ಚಿತ್ರದಲ್ಲಿ ಇಲ್ಲ. ಪಾಳಿಗೆ ಮುಂಚೆ ಒಮ್ಮೆ, ಪಾಳಿ ಮುಗಿದ ಮೇಲೆ ಒಮ್ಮೆ ಉಸಿರಿನ ಬಲವನ್ನು ಅಳೆಯಬೇಕು. ಅದಕ್ಕಿಂತ ಮೊದಲು ಕಸುಬನ್ನು ಕೇಳಬೇಕು. ಕೇಳದಿದ್ದರೆ ದಮ್ಮು ಎಂದೋ, ಕ್ಷಯವಿರಬಹುದೆಂದೋ ಬರೆದು ಕಳಿಸುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಇಂಥದಕ್ಕೇ ಹುಟ್ಟಿರಬೇಕು. ನಮ್ಮ ದೇಶದಲ್ಲಿ ಈ ರೋಗವೇ ಇಲ್ಲವೆಂಬ ನಂಬಿಕೆ ಬಹುಕಾಲ ಇತ್ತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯಂಥವರು ಗಿರಣಿಯೊಳಕ್ಕೇ ಹೋಗಿ ಪರೀಕ್ಷಿಸಿದಾಗ ರೋಗ ಕಂಡಿತು. ಹುಡುಕದವನಿಗೆ ಯಾವ ರೋಗವೂ ಸಿಕ್ಕುವುದಿಲ್ಲ.

ಧೂಳನ್ನು ತಡೆಯುವುದು ಅಸಾಧ್ಯ, ಖರ್ಚು ಭರಿಸಲಾಗದು ಎಂಬ ಗೋಳಾಟವನ್ನೂ ಕೇಳಿದ್ದೇವೆ. ಅಮೆರಿಕದ ಗಿರಣಿ ಮಾಲೀಕರೂ ಇದೇ ರಾಗ ಹಾಡಿದರು. 1975ರಲ್ಲಿ ಅಲ್ಲಿನ ಕ್ಯಾರೊಲೈನಾ ಸೀಮೆಯಲ್ಲಿ ಗಿರಣಿಯಿಂದ ನಿವೃತ್ತರಾದ, ಮೆಟ್ಟಲು ಹತ್ತಲೂ ಉಸಿರಿಲ್ಲದ ಮುದುಕ ಮುದುಕಿಯರು ‘ಬ್ರೌನ್ ಲಂಗ್ ಅಸೋಸಿಯೇಶನ್’ ಎಂಬ ಸಂಘ ಕಟ್ಟಿದರು. ಪರಿಹಾರ ಕೇಳಿದರು, ವಿಚಾರಣೆಗಳಲ್ಲಿ ಸಾಕ್ಷಿ ನುಡಿದರು. 1978ರಲ್ಲಿ ಸರಕಾರ ಹತ್ತಿಯ ಧೂಳಿಗೆ ಮಿತಿ ಹಾಕಿತು: ನೂಲುವ ಖಾತೆಗಳಲ್ಲಿ ಒಂದು ಘನ ಮೀಟರ್ ಗಾಳಿಗೆ 200 ಮೈಕ್ರೋಗ್ರಾಮು. ಮಾಲೀಕರು ಸುಪ್ರೀಂ ಕೋರ್ಟಿನವರೆಗೆ ಹೋದರು. ಕಾರ್ಮಿಕನ ಆರೋಗ್ಯವನ್ನು ಜಮಾ ಖರ್ಚಿನ ತಕ್ಕಡಿಯಲ್ಲಿ ತೂಗಬೇಕೆಂದು ಆ ಕಾಯಿದೆ ಹೇಳುವುದಿಲ್ಲವೆಂದು 1981ರಲ್ಲಿ ಕೋರ್ಟು ತೀರ್ಪಿತ್ತಿತು. ಕೆಲವೇ ವರ್ಷಗಳಲ್ಲಿ ರೋಗ ಬಹುವಾಗಿ ಇಳಿಯಿತು. ಅಸಾಧ್ಯವೆಂದಿದ್ದು ಸಾಧ್ಯವಾಯಿತು, ಗಿರಣಿಗಳು ಹೊಸ ಯಂತ್ರ ಹಾಕಿದವು. ಕೊರತೆ ಇದ್ದದ್ದು ಹಣದ್ದಲ್ಲ, ಮನಸ್ಸಿನದು.

ನಮ್ಮಲ್ಲಿ ಕಾಯಿದೆ ಇಲ್ಲವೆ? ಇದೆ. 1923ರ ಪರಿಹಾರ ಕಾಯಿದೆಯ ಪಟ್ಟಿಯಲ್ಲಿ ಹತ್ತಿ ಧೂಳಿನ ಈ ರೋಗ ಸೇರಿತು. 2020ರ ಸಂಹಿತೆಗಳ ಪಟ್ಟಿಗಳಲ್ಲಿಯೂ ಅದರ ಹೆಸರಿದೆ. ಇಂಥ ರೋಗವುಳ್ಳವನು ಈಗ ಕೆಲಸದಲ್ಲಿರಲಿ, ಹಿಂದೆ ಇದ್ದವನಾಗಿರಲಿ, ಅವನಿಗೆ ಚಿಕಿತ್ಸೆ ಮಾಡುವ ವೈದ್ಯನು ಸರಕಾರದ ಮುಖ್ಯ ತಪಾಸಣಾಧಿಕಾರಿಗೆ ವರದಿ ಮಾಡತಕ್ಕದ್ದೆಂದು 1948ರ ಕಾರ್ಖಾನೆ ಕಾಯಿದೆ ವಿಧಿಸಿತ್ತು. 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆಯೂ ವಿಧಿಸುತ್ತದೆ. ಕಾರ್ಮಿಕನ ಆರೋಗ್ಯದ ಹಕ್ಕು ಜೀವಿಸುವ ಹಕ್ಕಿನಲ್ಲಿಯೇ ಸೇರಿದೆಯೆಂದು ನಮ್ಮ ಸುಪ್ರೀಂ ಕೋರ್ಟು 1995ರಲ್ಲಿ ಆಸ್ಬೆಸ್ಟಾಸ್ ಮೊಕದ್ದಮೆಯಲ್ಲಿ ಸಾರಿತು. ಆಸ್ಬೆಸ್ಟಾಸ್ ಉದ್ಯಮದ ಪ್ರತಿಯೊಬ್ಬ ಕೆಲಸಗಾರನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ, ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ದೀರ್ಘವೋ ಅಷ್ಟು ಕಾಲ ಕಾದಿಡಬೇಕೆಂದು ಆಜ್ಞೆ ಮಾಡಿತು.

ಆದರೆ ಈ ಹಕ್ಕುಗಳೆಲ್ಲ ನಿಂತಿರುವುದು ಆ ಒಂದು ಪ್ರಶ್ನೆಯ ಮೇಲೆ. ಕಸುಬನ್ನು ಕೇಳದ ವೈದ್ಯ ರೋಗದ ಹೆಸರನ್ನು ಬರೆಯಲಾರ. ಹೆಸರಿಲ್ಲದ ರೋಗಕ್ಕೆ ವರದಿಯಿಲ್ಲ, ವರದಿಯಿಲ್ಲದ ರೋಗಕ್ಕೆ ಪರಿಹಾರವಿಲ್ಲ. ಕೊನೆಗೆ ಇಲಾಖೆಯ ಕಾಗದದಲ್ಲಿ ‘ರೋಗಿಗಳು ಇಲ್ಲ’ ಎಂದು ಬೀಳುತ್ತದೆ; ರೋಗಿಯೇ ಇಲ್ಲದಿರುವಾಗ ಧೂಳು ಹೀರುವ ಯಂತ್ರವೇಕೆಂದು ಮಾಲೀಕ ಕೇಳುತ್ತಾನೆ.

ಗಿರಣಿ ಮುಚ್ಚಿತು, ಕಥೆ ಮುಗಿಯಿತು ಎನ್ನುವಂತೆಯೂ ಇಲ್ಲ. ದಾವಣಗೆರೆ, ಹುಬ್ಬಳ್ಳಿಗಳ ಹಳೆಯ ಬಟ್ಟೆ ಗಿರಣಿಗಳು ಬಾಗಿಲು ಹಾಕಿ ಎಷ್ಟೋ ವರ್ಷಗಳಾದವು. ಕಾರ್ಡಿಂಗ್ ಖಾತೆಯಲ್ಲಿ ಇಪ್ಪತ್ತು ವರ್ಷ ಸವೆಸಿದವನು ಇಂದು ತಳ್ಳುಗಾಡಿಯಲ್ಲಿ ಬಾಳೆಹಣ್ಣು ಮಾರುತ್ತಿರಬಹುದು. ಕಸುಬೇನೆಂದು ಕೇಳಿದರೂ ‘ವ್ಯಾಪಾರ’ ಎಂದಾನು. ಆದುದರಿಂದ ಈಗಿನ ಕಸುಬಿನ ಜೊತೆಗೆ ಹಿಂದಿನದನ್ನೂ ಕೇಳಬೇಕು. ಕೋಲಾರದ ಚಿನ್ನದ ಗಣಿಯಲ್ಲಿ 1940ರ ದಶಕದಲ್ಲಿ 7,653 ಜನ ಕೆಲಸಗಾರರನ್ನು ಪರೀಕ್ಷಿಸಿದಾಗ ನೂರಕ್ಕೆ 43ಕ್ಕೂ ಹೆಚ್ಚು ಜನರಲ್ಲಿ ಸಿಲಿಕೋಸಿಸ್ ಕಂಡಿತು. 2001ರಲ್ಲಿ ಗಣಿ ಮುಚ್ಚಿತು. ಆದರೆ ಚಿನ್ನ ತೆಗೆದು ಉಳಿದ ಸೈನೈಡ್ ದಿಬ್ಬಗಳು ಊರ ಮಗ್ಗುಲಿಗೇ ನಿಂತಿವೆ. ಗಾಳಿ ಬೀಸಿದಾಗ ಆ ಧೂಳು ಗಣಿಗೆ ಎಂದೂ ಇಳಿಯದವರ ಮನೆಯನ್ನೂ ಹೊಗುತ್ತದೆ. ಧೂಳು ಗೇಟಿನ ಪಾಸು ಕೇಳುವುದಿಲ್ಲ.

ಸಣ್ಣ ವ್ಯಾಪಾರಿಗಳು ಇದು ಗಿರಣಿಯವರ ಗೊಡವೆಯೆಂದು ತಿಳಿಯಬಾರದು. ಗಾದಿ ಅಂಗಡಿಯಲ್ಲಿ ಅರಳೆ ಹಿಂಜುವವನು, ಹತ್ತಿಯ ಜಿನ್ನಿನಲ್ಲಿ ಹಮಾಲಿ ಮಾಡುವವನು, ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ನಿಂತವನು, ಮೆಣಸಿನಕಾಯಿ ಪುಡಿಮಾಡುವ ಗಿರಣಿಯವನು, ಇವರೆಲ್ಲ ಉಸಿರಾಡುವುದೂ ಇದೇ ಬಗೆಯ ಗಾಳಿ. ಮಾಲೀಕನೂ ಆಳೂ ಅಲ್ಲಿ ಒಂದೇ ಸೂರಿನ ಕೆಳಗೆ ಕೆಮ್ಮುತ್ತಾರೆ. ಇವರ ಪಾಲಿಗೆ ಕಾಯಿದೆಯ ಕೈ ಇನ್ನೂ ಗಿಡ್ಡವಾಗಿದೆ. ವಿದ್ಯುತ್ತಿನಿಂದ ನಡೆಯುವಲ್ಲಿ 10 ಜನ ಆಳಿದ್ದರೆ ಅದು ಕಾರ್ಖಾನೆ ಎಂದಿತ್ತು 1948ರ ಕಾಯಿದೆ. 2020ರ ಸಂಹಿತೆ ಆ ಸಂಖ್ಯೆಯನ್ನು 20ಕ್ಕೆ ಏರಿಸಿತು. ಹದಿನೈದು ಜನ ದುಡಿಯುವ ಕೊಟ್ಟಿಗೆ ಒಂದೇ ಗೆರೆಯಿಂದ ಕಾರ್ಖಾನೆಯಲ್ಲವೆಂದಾಯಿತು. ಅಲ್ಲಿನ ಧೂಳೇನು ಕಡಿಮೆಯಾಯಿತೆ?

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದಾಗಿ, ಪ್ರತಿಯೊಂದು ದವಾಖಾನೆಯ ಚೀಟಿಯಲ್ಲಿ ಈಗಿನ ಕಸುಬು, ಹಿಂದಿನ ಕಸುಬು, ಎಷ್ಟು ವರ್ಷ ಎಂಬ ಮೂರು ಗೆರೆಗಳನ್ನು ಮುದ್ರಿಸಬೇಕು. ಇದಕ್ಕೆ ಕೋಟಿ ರೂಪಾಯಿ ಬೇಡ, ಶಾಯಿ ಸಾಕು. ಎರಡನೆಯದಾಗಿ, ಕಾರ್ಮಿಕ ವಿಮಾ ಆಸ್ಪತ್ರೆಗಳಲ್ಲಿ ಉಸಿರಿನ ಬಲ ಅಳೆಯುವ ಯಂತ್ರವೂ ಅದನ್ನು ಬಲ್ಲವರೂ ಇರಬೇಕು. ಮೂರನೆಯದಾಗಿ, ಧೂಳನ್ನು ಹುಟ್ಟಿದಲ್ಲೇ ಹೀರಿ ತೆಗೆಯಬೇಕು. ಮುಖಕ್ಕೆ ಬಟ್ಟೆ ಕೊಟ್ಟು ಕೈತೊಳೆದುಕೊಳ್ಳುವುದು ಸಲ್ಲದು. ನಾಲ್ಕನೆಯದಾಗಿ, ಸಣ್ಣ ಕೊಟ್ಟಿಗೆಗಳಿಗೂ ತಪಾಸಣೆ ಬರಬೇಕು, ದಂಡದ ಪುಸ್ತಕದೊಡನೆ ಮಾತ್ರವಲ್ಲ, ಫ್ಯಾನು ಚಿಮಣಿಗಳಿಗೆ ಅಗ್ಗದ ಸಾಲದೊಡನೆ.

ಕಾಮಗಾರ ಬಂಧುಗಳಿಗೂ ಒಂದು ಮಾತು. ರೋಗವೆಂದರೆ ಕೆಲಸ ಹೋದೀತೆಂಬ ಭಯದಿಂದ ಕೆಮ್ಮನ್ನು ಮುಚ್ಚಿಡುವವರು ನಮ್ಮಲ್ಲಿ ಬಹಳ. ಆ ಭಯ ಸುಳ್ಳಲ್ಲ. ಒಬ್ಬನೇ ಹೇಳಿದರೆ ಕೆಲಸ ಹೋದೀತು; ಇಡೀ ಖಾತೆಯೇ ಒಟ್ಟಾಗಿ ಹೇಳಿದರೆ ಯಾರನ್ನು ತೆಗೆದಾರು? ಸಂಘದ ಕಚೇರಿಯಲ್ಲಿ ಒಂದು ಪುಸ್ತಕ ತೆರೆಯಿರಿ. ಯಾರಿಗೆ, ಯಾವ ಖಾತೆಯಲ್ಲಿ, ರಜೆಯ ಮರುದಿನ ಎದೆ ಬಿಗಿಯಿತೆಂದು ವಾರವಾರ ಬರೆದಿಡಿ. ವೈದ್ಯರು ಕೇಳದಿದ್ದರೆ ನೀವೇ ಹೇಳಿ, ಚೀಟಿಯ ಮೇಲೆ ಬರೆಸಿಕೊಂಡೇ ಹೊರಗೆ ಬನ್ನಿ. ಕೂಲಿಗಾಗಿ ನಾವು ಮಾರಿದ್ದು ಎಂಟು ಗಂಟೆಯ ದುಡಿಮೆಯನ್ನು. ಉಸಿರನ್ನು ಯಾರಿಗೂ ಮಾರಿಲ್ಲ.