ನೊಗದ ನಡು ಎಲ್ಲಿ?

ಪರರ ಉತ್ತರಪತ್ರಿಕೆಗಳನ್ನು ತಿದ್ದುವುದೇ ಕಸುಬಾದ ನನಗೆ ನನ್ನದೇ ಉತ್ತರಪತ್ರಿಕೆ ಈಚೆಗೆ ಕೈಗೆ ಬಂದಿತು. ಅದು ಒಂದು ಪಂದ್ಯದ ಕಾಲಪಟ್ಟಿ. ಪಂದ್ಯ ಮುಗಿದ ಮೂರನೆಯ ದಿನ ರಾತ್ರಿ, ಮಗು ಮಲಗಿದ ಮೇಲೆ, ನನ್ನಾಕೆ ಅದನ್ನು ಊಟದ ಮೇಜಿನ ಮೇಲೆ ಹರಡಿ, ನನ್ನ ಕೆಂಪು ಲೇಖನಿಯನ್ನೂ ಪಕ್ಕದಲ್ಲಿರಿಸಿ, “ತಿದ್ದಿ” ಎಂದಳು. ಆ ಮೂರು ದಿನ ನಮ್ಮಿಬ್ಬರ ನಡುವೆ ಹಾಲು, ತರಕಾರಿ, ಮಗುವಿನ ಶಾಲೆ ಇವುಗಳಿಗೆ ಮೀರಿದ ಮಾತು ನಡೆದಿರಲಿಲ್ಲ.

ಪಂದ್ಯದ ಪರಿಚಯವಿಲ್ಲದ ವಾಚಕರಿಗಾಗಿ ನಾಲ್ಕು ಮಾತು. ಹೈರಾಕ್ಸ್ ಎಂಬ ಹೆಸರಿನ ಈ ಸ್ಪರ್ಧೆಯನ್ನು 2017ರಲ್ಲಿ ಜರ್ಮನಿಯ ಹ್ಯಾಂಬುರ್ಗಿನಲ್ಲಿ ಹುಟ್ಟುಹಾಕಿದವರು ಇಬ್ಬರು: ಕ್ರೀಡಾಕೂಟಗಳ ಸಂಘಟಕ ಕ್ರಿಸ್ಟಿಯಾನ್ ಟ್ಯೋಟ್ಸ್ಕೆ, ಮತ್ತು 2008, 2012ರ ಒಲಿಂಪಿಕ್ಸ್‌ಗಳಲ್ಲಿ ಹಾಕಿ ಆಟದ ಚಿನ್ನ ಗೆದ್ದ ಮೋರಿಟ್ಸ್ ಫ್ಯೂರ್ಸ್ಟೆ. ಭಾರತಕ್ಕೆ ಅದು ಕಾಲಿಟ್ಟದ್ದು 2025ರ ಮೇ ತಿಂಗಳಲ್ಲಿ, ಮುಂಬಯಿಯಲ್ಲಿ. ಒಂದು ಕಿಲೋಮೀಟರು ಓಟ, ಒಂದು ಕಸರತ್ತು. ಮತ್ತೆ ಓಟ, ಮತ್ತೊಂದು ಕಸರತ್ತು. ಹೀಗೆ ಎಂಟು ಸುತ್ತು. ಹಿಮದ ಮೇಲೆ ಜಾರುವವರು ಕೋಲೂರುವಂತೆ ಯಂತ್ರದ ಹಿಡಿಗಳನ್ನು ಕೆಳಕ್ಕೆ ಜಗ್ಗುತ್ತ 1000 ಮೀಟರು. ಭಾರ ಹೇರಿದ ಸ್ಲೆಡ್ಡನ್ನು ದೂಡುತ್ತ 50, ಹಗ್ಗದಿಂದ ಎಳೆಯುತ್ತ ಮತ್ತೆ 50. ಎದೆಯನ್ನು ನೆಲಕ್ಕೆ ತಾಗಿಸಿ ಎದ್ದು ಕಪ್ಪೆಯಂತೆ ಮುಂದಕ್ಕೆ ನೆಗೆಯುತ್ತ 80. ನೆಲದ ಮೇಲೆಯೇ ಹುಟ್ಟು ಹಾಕುವ ಯಂತ್ರದಲ್ಲಿ 1000. ಎರಡು ಕೈಗಳಲ್ಲೂ ಕಬ್ಬಿಣದ ಭಾರ ಹಿಡಿದು ನಡೆಯುತ್ತ 200. ಮರಳ ಮೂಟೆಯನ್ನು ಹೆಗಲಿಗೇರಿಸಿ, ಹೆಜ್ಜೆಹೆಜ್ಜೆಗೂ ಮಂಡಿಯನ್ನು ನೆಲಕ್ಕೆ ಮುಟ್ಟಿಸುತ್ತ 100. ಕೊನೆಗೆ ಭಾರದ ಚೆಂಡನ್ನು ಗೋಡೆಯ ಗುರಿಗೆ 100 ಬಾರಿ ಎಸೆದು ಹಿಡಿಯುವುದು.

ಒಬ್ಬರೇ ಮಾಡಬಹುದಾದ ಈ ಪಂದ್ಯವನ್ನು ಜೋಡಿಯಾಗಿಯೂ ಮಾಡಬಹುದು. ಜೋಡಿಯ ನಿಯಮ ಎರಡೇ ವಾಕ್ಯದ್ದು. ಎಂಟು ಕಿಲೋಮೀಟರನ್ನೂ ಇಬ್ಬರೂ ಜೊತೆಯಲ್ಲಿಯೇ ಓಡಬೇಕು. ಕಸರತ್ತುಗಳನ್ನು ಮಾತ್ರ ಇಷ್ಟಬಂದಂತೆ ಹಂಚಿಕೊಳ್ಳಬಹುದು. ಒಬ್ಬರು ದುಡಿಯುವಾಗ ಇನ್ನೊಬ್ಬರು ಸುಮ್ಮನೆ ನಿಂತಿರಬೇಕು. ಇಷ್ಟು ಸರಳವಾದ ನಿಯಮದ ಒಳಗೆ ಒಂದು ಸಂಸಾರದ ಸಮಸ್ಯೆಗಳೆಲ್ಲ ಅಡಗಿವೆ ಎಂಬುದು ನನಗೆ ತಿಳಿದದ್ದು ತಡವಾಗಿ.

ನಮ್ಮಿಬ್ಬರಲ್ಲಿ ಓಟದಲ್ಲಿ ಚುರುಕು ನನ್ನಾಕೆ. ಅವಳು ಕಿಲೋಮೀಟರನ್ನು ಐದು ಮುಕ್ಕಾಲು ನಿಮಿಷದಲ್ಲಿ ಮಾತಾಡುತ್ತಲೇ ಮುಗಿಸಬಲ್ಲಳು. ನಾನು ಆರೂವರೆ ನಿಮಿಷದವನು. ಭಾರ ದೂಡಿದ ಬೆನ್ನಿಗೇ ಓಡಿ, ಅಭ್ಯಾಸದಲ್ಲಿ ಹಲವು ಸಲ ಅಳೆದು ಕಂಡುಕೊಂಡ ವೇಗ ಅದು. ಮೌಲ್ಯಮಾಪನದ ನೆವದಲ್ಲಿ ಕೊನೆಯ ಮೂರು ವಾರ ಅಭ್ಯಾಸ ತಪ್ಪಿಸಿದ್ದೆನಾದ್ದರಿಂದ ಅದೂ ಸ್ವಲ್ಪ ಉದಾರವಾದ ಲೆಕ್ಕವೇ ಸರಿ. ಹೀಗಿದ್ದರೂ ಪಟ್ಟಿಯಲ್ಲಿ ಮೊದಲ ಕಿಲೋಮೀಟರಿನ ಕಾಲ 5 ನಿಮಿಷ 35 ಸೆಕೆಂಡು! ಸಂಗೀತ ಮೊಳಗುತ್ತಿತ್ತು, ಜನ ಕೂಗುತ್ತಿದ್ದರು, ಮುಂದೆ ಓಡುತ್ತಿದ್ದ ಜೋಡಿಯೊಂದರ ಗಂಡಸಿನ ತಲೆಕೂದಲು ನನ್ನದಕ್ಕಿಂತ ಹೆಚ್ಚು ನರೆತಿತ್ತು. ಕಾರಣಗಳು ಇಷ್ಟೆ.

ಮುಂದಿನ ಅಂಕಿಗಳನ್ನೂ ಓದಿಬಿಡುತ್ತೇನೆ. ಎರಡನೆಯದು 6:05, ಮೂರನೆಯದು 6:40, ನಾಲ್ಕನೆಯದು 7:10, ಐದನೆಯದು 7:35, ಆರನೆಯದು 7:30, ಏಳನೆಯದು 7:40, ಎಂಟನೆಯದು 7:25. ಎಂಟನ್ನೂ ಆರೂವರೆ ನಿಮಿಷದಂತೆ ಓಡಿದ್ದರೆ 52 ನಿಮಿಷ ಆಗುತ್ತಿತ್ತು. ಆದದ್ದು 55 ನಿಮಿಷ 40 ಸೆಕೆಂಡು. ನನ್ನಾಕೆ ಇನ್ನೂ ಸೂಕ್ಷ್ಮವಾಗಿ ಲೆಕ್ಕ ಹಾಕಿದ್ದಳು. ಮೊದಲ ಎರಡು ಓಟಗಳಲ್ಲಿ ನಾವು ಉಳಿಸಿದ್ದು 1 ನಿಮಿಷ 20 ಸೆಕೆಂಡು. ಉಳಿದ ಆರರಲ್ಲಿ ತೆತ್ತದ್ದು ಸರಿಯಾಗಿ 5 ನಿಮಿಷ. “ಈ ಬಡ್ಡಿಗೆ ಯಾವ ಸಾಹುಕಾರನೂ ಸಾಲ ಕೊಡುವುದಿಲ್ಲ” ಎಂದಳು.

ಸಾಲವೆಂಬ ಮಾತು ಅವಳಿಗೆ ತಾನಾಗಿ ಹೊಳೆದದ್ದು. ಆದರೆ ಶರೀರಶಾಸ್ತ್ರದಲ್ಲಿ ಅದಕ್ಕೆ ನೂರು ವರ್ಷದ ಇತಿಹಾಸವಿದೆ. 1922ರ ನೊಬೆಲ್ ಬಹುಮಾನ ಪಡೆದ ಇಂಗ್ಲೆಂಡಿನ ವಿಜ್ಞಾನಿ ಎ. ವಿ. ಹಿಲ್ ಅವರು ಓಟಗಾರರ ಉಸಿರನ್ನಳೆದು ‘ಆಮ್ಲಜನಕದ ಸಾಲ’ ಎಂಬ ಮಾತನ್ನು ಬಳಕೆಗೆ ತಂದರು. ಸ್ನಾಯುಗಳಿಗೆ ಬೇಕಾದಷ್ಟು ಆಮ್ಲಜನಕವನ್ನು ಹೃದಯ ಶ್ವಾಸಕೋಶಗಳು ಒದಗಿಸಲಾರದಾದಾಗ ದೇಹ ಬೇರೆ ಹಾದಿಯಿಂದ ಶಕ್ತಿಯನ್ನು ಪಡೆಯುತ್ತದೆ. ಆಮೇಲೆ ಏದುಸಿರಿನಿಂದ ಅದನ್ನು ತೀರಿಸುತ್ತದೆ. ಈ ಲೆಕ್ಕ ಹಿಲ್ ಅವರು ಎಣಿಸಿದ್ದಕ್ಕಿಂತ ತೊಡಕಿನದೆಂದೂ, ಬಹುಕಾಲ ವಿಷವೆಂದು ಬೈಸಿಕೊಂಡ ಲ್ಯಾಕ್ಟೇಟು ಸ್ನಾಯುಗಳಿಗೆ ಒಂದು ಇಂಧನವೇ ಎಂದೂ ಮುಂದಿನವರು ತೋರಿಸಿದ್ದಾರೆ. ಆದರೂ ಮೂಲದ ಮಾತು ನಿಂತಿದೆ: ಒಂದು ಮಿತಿಯ ಒಳಗೆ ಓಡುವವನು ತಾಸುಗಟ್ಟಲೆ ಓಡಬಲ್ಲ, ಆ ಮಿತಿಯನ್ನು ಸ್ವಲ್ಪವೇ ದಾಟಿದವನು ನಿಮಿಷಗಳನ್ನು ಎಣಿಸಬೇಕಾಗುತ್ತದೆ.

ಮಿತಿಯನ್ನು ದಾಟಿದ್ದೇನೆಂದು ತಿಳಿಯುವುದು ಹೇಗೆ? ಮಾತೇ ಅದಕ್ಕೆ ಅಳತೆಗೋಲು. ಕನ್ನಡದ ಮೇಷ್ಟ್ರಾದ ನಾನು ಕಂದಪದ್ಯವನ್ನು ಹಿಡಿದಿದ್ದೇನೆ. ಆರೂವರೆ ನಿಮಿಷದ ವೇಗದಲ್ಲಿ ಮೊದಲ ಪಾದದ ಮೂರು ಗಣಗಳನ್ನೂ, ಎರಡನೆಯ ಪಾದದ ಐದು ಗಣಗಳನ್ನೂ, ನಡುವೆ ಒಂದೇ ಉಸಿರು ತೆಗೆದುಕೊಂಡು ಹೇಳಬಲ್ಲೆ. ಪಂದ್ಯದ ದಿನ ಮೊದಲ ಕಿಲೋಮೀಟರಿನಲ್ಲಿ ಎರಡನೆಯ ಗಣಕ್ಕೇ ಯತಿ ಬೀಳುತ್ತಿತ್ತು.

ಇಲ್ಲಿಯವರೆಗಿನ ತಪ್ಪು ಒಬ್ಬನೇ ಓಡುವವನೂ ಮಾಡುವಂಥದು. ಜೋಡಿಯ ತಪ್ಪು ಅದರ ಮೇಲಿನದು. ಎರಡನೆಯ ಓಟದ ನಡುವೆ ನನ್ನಾಕೆ ತಿರುಗಿ ನೋಡಿ, “ಸರಿಯಾಗಿದ್ದೀರಾ? ನಿಧಾನಿಸೋಣವೇ?” ಎಂದು ಕೇಳಿದಳು. “ಏನೂ ಆಗಿಲ್ಲ, ನಡೆ” ಎಂದೆ. ಸುಳ್ಳು. ನನ್ನ ಎದೆ ಕಿತ್ತು ಬರುವಂತಿತ್ತು. ಜೋಡಿಯ ಓಟದಲ್ಲಿ ಅವಳ ಕೈಯಲ್ಲಿರುವ ಗಡಿಯಾರ ಅವಳ ಹೃದಯವನ್ನು ಮಾತ್ರ ಬಲ್ಲುದು. ನನ್ನ ಸ್ಥಿತಿಯನ್ನು ಅರಿಯಲು ಅವಳಿಗಿದ್ದ ಉಪಕರಣ ನನ್ನ ಬಾಯಿ ಒಂದೇ. ಅದೂ ಸುಳ್ಳು ಹೇಳಿದ ಮೇಲೆ ಅವಳು ಯಾವ ಆಧಾರದ ಮೇಲೆ ವೇಗವನ್ನು ನಿರ್ಣಯಿಸಬೇಕಾಗಿತ್ತು?

ಐದನೆಯ ಓಟದಲ್ಲಿ ನಾನು ನಡೆಯತೊಡಗಿದೆ. ಅವಳು ಮುಂದೆ ಹೋಗಿದ್ದವಳು ನಿಂತಳು. “ಆಗಲೇ ಹೇಳಬಾರದಾಗಿತ್ತೇ?” ಎಂದಳು. ಅದಕ್ಕೆ ನಾನು ಆಡಿದ ಮಾತನ್ನು ಇಲ್ಲಿ ಬರೆಯಲಾರೆ. ಅದು ಓಟಕ್ಕೆ ಸಂಬಂಧಿಸಿದುದಾಗಿರಲಿಲ್ಲ. ಅವಳ ತೌರುಮನೆಗೆ ಸಂಬಂಧಿಸಿದುದಾಗಿತ್ತು. ಅವಳು ಏನೂ ಅನ್ನಲಿಲ್ಲ. ಪಕ್ಕದಲ್ಲಿ ನಡೆದಳು.

ಮುಂದಿನ ಕಸರತ್ತು ಹುಟ್ಟು ಹಾಕುವುದು. ಸಿಟ್ಟಿನಲ್ಲಿ ಯಂತ್ರದ ಮೇಲೆ ಕುಳಿತು ನನ್ನ ಪಾಲಿನ 500 ಮೀಟರನ್ನು 2 ನಿಮಿಷಕ್ಕೆ ಬದಲಾಗಿ 1 ನಿಮಿಷ 50 ಸೆಕೆಂಡಿನಲ್ಲಿ ಎಳೆದೆ. ಆ ಯಂತ್ರದ ಚಕ್ರ ಗಾಳಿಯನ್ನು ಕಡೆಯುತ್ತ ತಿರುಗುತ್ತದೆ. ಗಾಳಿಯ ತಡೆಯ ಗುಣವೆಂದರೆ, ವೇಗವನ್ನು ಇಮ್ಮಡಿ ಮಾಡಬೇಕಾದರೆ ಎಂಟುಪಟ್ಟು ಶಕ್ತಿ ಬೇಕು. 500 ಮೀಟರಿಗೆ 2 ನಿಮಿಷದ ವೇಗಕ್ಕೆ ಸುಮಾರು 203 ವ್ಯಾಟು ಸಾಕು; 1 ನಿಮಿಷ 50 ಸೆಕೆಂಡಿನ ವೇಗಕ್ಕೆ ಸುಮಾರು 263 ವ್ಯಾಟು. ನೂರಕ್ಕೆ 30ರಷ್ಟು ಹೆಚ್ಚು ದುಡಿದು ಸಿಟ್ಟು ಗಳಿಸಿಕೊಟ್ಟದ್ದು 10 ಸೆಕೆಂಡು. ಮುಂದಿನ ಓಟ ಆರೂವರೆಗೆ ಬದಲು ಏಳೂವರೆ.

ಕೆಂಪು ಲೇಖನಿಯಿಂದ ಇಷ್ಟನ್ನೂ ಗುರುತಿಸಿ, ತಪ್ಪೊಪ್ಪಿಕೊಂಡು, ತೌರಿನ ಮಾತಿಗೆ ಕ್ಷಮೆಯನ್ನೂ ಕೇಳಿದ ಮೇಲೆ ಪರೀಕ್ಷೆ ಮುಗಿಯಿತೆಂದುಕೊಂಡೆ. ಆದರೆ ಆಕೆ, “ನನ್ನ ತಪ್ಪೂ ಒಂದಿದೆ. ಅರ್ಧ ಅರ್ಧ ಎಂದವಳು ನಾನೇ” ಎಂದಳು.

ನಿಜ. ಹೊರಡುವ ಮುನ್ನ ಎಲ್ಲ ಕಸರತ್ತನ್ನೂ ಸರಿಪಾಲು ಮಾಡಿಕೊಂಡಿದ್ದೆವು. ನ್ಯಾಯವೆಂದರೆ ಸರಿಪಾಲು ಎಂದು ಇಬ್ಬರೂ ನಂಬಿದ್ದೆವು. ಈ ನಂಬಿಕೆಯನ್ನು ಅಲುಗಿಸಿದ್ದು ನಮ್ಮ ತಾತನ ಕಾಲದ ಒಂದು ನೆನಪು. ಜೋಡಿಯಲ್ಲಿ ಒಂದು ಎತ್ತು ಬಲವಾಗಿಯೂ ಇನ್ನೊಂದು ಎಳೆಯದಾಗಿಯೂ ಇದ್ದರೆ, ತಾತ ನೊಗಕ್ಕೂ ಈಸಿಗೂ ಹಾಕುವ ಕಟ್ಟನ್ನು ನಟ್ಟನಡುವೆ ಹಾಕುತ್ತಿರಲಿಲ್ಲ. ಬಲವಾದ ಎತ್ತಿನ ಕಡೆಗೆ ತುಸು ಸರಿಸುತ್ತಿದ್ದರು. ನೊಗವನ್ನು ಐದು ಪಾಲು ಮಾಡಿ, ಕಟ್ಟನ್ನು ಬಲವಾದ ಎತ್ತಿಗೆ ಎರಡು ಪಾಲಿನಷ್ಟು ದೂರದಲ್ಲಿ ಬಿಗಿದರೆ, ಎಳೆತದ ಐದರಲ್ಲಿ ಮೂರು ಪಾಲು ಅದಕ್ಕೆ, ಎರಡು ಪಾಲು ಎಳೆಯದಕ್ಕೆ. ಸನ್ನೆಗೋಲಿನ ನಿಯಮವಿದು. ಎತ್ತುಗಳು ನಡೆಯುವುದು ಒಂದೇ ವೇಗದಲ್ಲಿ, ಒಂದೇ ಸಾಲಿನಲ್ಲಿ. ಹೆಜ್ಜೆಯನ್ನು ಹಂಚಲಾಗದು, ಭಾರವನ್ನು ಹಂಚಬಹುದು.

ಜೋಡಿಯ ಪಂದ್ಯವೂ ಹೀಗೆಯೇ. ಓಟದ ವೇಗ ಯಾವಾಗಲೂ ನಿಧಾನಸ್ಥನ ವೇಗವೇ. ಚುರುಕಾದವರ ಹೆಚ್ಚುಗಾರಿಕೆ ಓಟದಲ್ಲಿ ಉಪಯೋಗಕ್ಕೆ ಬಾರದೆ ವ್ಯರ್ಥವಾಗುತ್ತದೆ. ಅದನ್ನು ವೆಚ್ಚ ಮಾಡಬಹುದಾದ ಸ್ಥಳ ಕಸರತ್ತು ಒಂದೇ. ನಾನು ಮಾಡಿದ ಪ್ರತಿಯೊಂದು ಹೆಚ್ಚಿನ ನೆಗೆತವೂ ಮುಂದಿನ ಕಿಲೋಮೀಟರಿನಲ್ಲಿ ಇಬ್ಬರನ್ನೂ ತಡೆಯುತ್ತದೆ. ಅದನ್ನೇ ಅವಳು ಮಾಡಿದರೆ ಯಾರನ್ನೂ ತಡೆಯುವುದಿಲ್ಲ.

ಆದ್ದರಿಂದ ಅಂದು ರಾತ್ರಿ ಹೊಸ ಹಂಚಿಕೆ ಬರೆದೆವು. ನೆಗೆತದಲ್ಲಿಯೂ ಮರಳ ಮೂಟೆಯಲ್ಲಿಯೂ ಐದರಲ್ಲಿ ಮೂರು ಪಾಲು ಅವಳದು. ಸ್ಲೆಡ್ಡಿನಲ್ಲಿ ಮಾತ್ರ ಕಟ್ಟು ನನ್ನ ಕಡೆಗೆ ಸರಿಯಿತು. ಗಂಡುಹೆಣ್ಣಿನ ಜೋಡಿಗೆ ದೂಡಲು ಕೊಡುವ ಸ್ಲೆಡ್ಡಿನ ಒಟ್ಟು ತೂಕ 152 ಕಿಲೋ. ಅಲ್ಲಿ ಉಸಿರಿಗಿಂತ ಮೈತೂಕಕ್ಕೆ ಬೆಲೆ, ಆ ಸಂಪತ್ತು ನನ್ನಲ್ಲಿದೆ. ಸ್ಲೆಡ್ಡನ್ನು ನಡುವೆ ನಿಲ್ಲಿಸಿ ಕೈ ಬದಲಿಸಬಾರದೆಂದೂ ಬರೆದುಕೊಂಡೆವು. ನಿಂತ ಭಾರವನ್ನು ಕದಲಿಸುವುದು ಕದಲಿದ ಭಾರವನ್ನು ನಡೆಸುವುದಕ್ಕಿಂತ ಕಷ್ಟ. ಪ್ರತಿ ಹನ್ನೆರಡೂವರೆ ಮೀಟರಿಗೆ ಅದು ಹೇಗೂ ನಿಲ್ಲುತ್ತದೆ; ಬದಲಾವಣೆ ಅಲ್ಲಿಯೇ ಆಗಲಿ. ಹುಟ್ಟಿನ ಯಂತ್ರದಲ್ಲಿ ಕಾಲಿನ ಪಟ್ಟಿಯನ್ನು ಬಿಚ್ಚಿ ಬಿಗಿಯುವುದರಲ್ಲಿಯೇ ಹೊತ್ತು ಹೋಗುವುದರಿಂದ ಒಂದೇ ಬದಲಾವಣೆ. ನಿಂತು ಜಗ್ಗುವ ಯಂತ್ರದಲ್ಲಿಯೂ ಚೆಂಡಿನ ಎಸೆತದಲ್ಲಿಯೂ ಮೇಲಿಂದ ಮೇಲೆ ಬದಲಿಸಬಹುದು. ಸ್ನಾಯುವಿನಲ್ಲಿ ತಟ್ಟನೆ ಒದಗುವ ಶಕ್ತಿಯ ದಾಸ್ತಾನು ಖರ್ಚಾದ ಮೇಲೆ ಸುಮಾರು ಅರ್ಧ ನಿಮಿಷದ ವಿಶ್ರಾಂತಿಯಲ್ಲಿ ಅರ್ಧದಷ್ಟು ಮತ್ತೆ ತುಂಬಿಕೊಳ್ಳುತ್ತದೆ. ಜೋಡಿಗಿರುವ ನಿಜವಾದ ಸೌಭಾಗ್ಯ ಈ ಅರ್ಧ ನಿಮಿಷ.

ಉಳಿದದ್ದು ಬಾಯಿಯ ಸುಳ್ಳು. ಅದಕ್ಕೆ ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗ್ ಅವರ ಅಳತೆಪಟ್ಟಿ ನೆರವಾಯಿತು. ದಣಿವನ್ನು 6ರಿಂದ 20ರವರೆಗಿನ ಅಂಕಿಯಲ್ಲಿ ಹೇಳುವ ಕ್ರಮ ಅದು. 6 ಎಂದರೆ ದಣಿವೇ ಇಲ್ಲ, 13 ಎಂದರೆ ತುಸು ಕಷ್ಟ, 15 ಕಷ್ಟ, 17 ಬಹಳ ಕಷ್ಟ, 20 ಪರಮಾವಧಿ. ವಿಚಿತ್ರವಾದ ಈ ಅಂಕಿಗಳಿಗೆ ಕಾರಣವೂ ಇದೆ: ಹತ್ತರಿಂದ ಗುಣಿಸಿದರೆ, ತರುಣರಲ್ಲಿ ಹೃದಯದ ಬಡಿತಕ್ಕೆ ಸುಮಾರಾಗಿ ಹೊಂದುತ್ತದೆ. ‘ಚೆನ್ನಾಗಿದ್ದೇನೆ’ ಎಂದು ಸುಳ್ಳು ಹೇಳಲು ಕನ್ನಡದಲ್ಲಿ ಎಷ್ಟೋ ದಾರಿಗಳಿವೆ. ಅಂಕಿಯಲ್ಲಿ ಸುಳ್ಳು ಹೇಳುವವನು ಒಂದು ಕ್ಷಣವಾದರೂ ಅಳುಕುತ್ತಾನೆ.

ಈಗ ಪ್ರತಿ ಭಾನುವಾರ ಬೆಳಿಗ್ಗೆ ಓಡುತ್ತೇವೆ. ಕಿಲೋಮೀಟರಿಗೊಮ್ಮೆ ಅವಳು “ಎಷ್ಟು?” ಎನ್ನುತ್ತಾಳೆ, ನಾನು ಅಂಕಿ ಹೇಳುತ್ತೇನೆ. ಹದಿನೈದು ದಾಟಿದರೆ ಅವಳೇ ನಿಧಾನಿಸುತ್ತಾಳೆ, ಮರುಮಾತಿಲ್ಲ. ಕಳೆದ ಭಾನುವಾರದ ಎಂಟು ಕಿಲೋಮೀಟರುಗಳಲ್ಲಿ ಅತಿ ವೇಗದ್ದಕ್ಕೂ ಅತಿ ನಿಧಾನದ್ದಕ್ಕೂ ಇದ್ದ ಅಂತರ 14 ಸೆಕೆಂಡು.

ರೂಢಿ ಮನೆಯೊಳಕ್ಕೂ ಬಂದಿದೆ. ನಿನ್ನೆ ಸಂಜೆ ಮಗುವಿಗೆ ಜ್ವರ, ಅವಳ ಕಚೇರಿಯಲ್ಲಿ ವರ್ಷಾಂತ್ಯದ ಲೆಕ್ಕ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದವಳನ್ನು ನಾನೇ ಕೇಳಿದೆ, “ಎಷ್ಟು?”

“ಹದಿನೆಂಟು” ಎಂದಳು.

ನನ್ನದು ಹನ್ನೆರಡು ಇದ್ದಿರಬೇಕು. ಮಗುವನ್ನು ಎತ್ತಿಕೊಂಡು, ಕಾಫಿಗೆ ನೀರಿಡಲು ಅಡುಗೆಮನೆಗೆ ಹೋದೆ.