ದಡಾರ ಹೋಯ್ತು, ವೈರಸ್ ಹೋಗಲಿಲ್ಲ

ದಡಾರ ವಾಸಿಯಾಗಿ ಎಷ್ಟೋ ವರ್ಷಗಳಾದ ಮೇಲೆ ಕೆಲವು ಮಕ್ಕಳಿಗೆ ಮರೆವು, ಮೈ ಅದುರೋದು ಶುರುವಾಗುತ್ತೆ. ಮಿದುಳಲ್ಲೇ ಉಳಿದ ವೈರಸ್ ತರುವ ಈ ಕಾಯಿಲೆ ಎಸ್‌ಎಸ್‌ಪಿಇ, ಬಹುತೇಕ ಮಾರಣಾಂತಿಕ. ನಿಮ್ಹಾನ್ಸ್ ವೈದ್ಯರು ದಶಕಗಳಿಂದ ಇದನ್ನು ನೋಡುತ್ತಿದ್ದಾರೆ.

ವೈರಸ್ ಅಷ್ಟು ಕಾಲ ಅಡಗಿರೋದು ಹೇಗೆ? ವಿಜ್ಞಾನಿಗಳು ಸುಳಿವು ಹುಡುಕುತ್ತಿರುವ ಒಂದು ಜಾಗ ಮೈಕ್ರೋ ಆರ್‌ಎನ್‌ಎ. ಸುಮಾರು 22 ಅಕ್ಷರಗಳ ಈ ತುಣುಕು, ಜೀನ್ ಕಳಿಸಿದ ಸಂದೇಶ ಪ್ರೋಟೀನ್ ಆಗದಂತೆ ತಡೆಯುತ್ತೆ. ಇದನ್ನು ಕಂಡುಹಿಡಿದವರಿಗೇ 2024ರ ವೈದ್ಯಕೀಯ ನೊಬೆಲ್. ಹರ್ಪಿಸ್ ವೈರಸ್ ನರಕೋಶದಲ್ಲಿ ಅಡಗಿರುವಾಗ ಇಂಥ ತುಣುಕುಗಳನ್ನು ತಾನೇ ತಯಾರಿಸುತ್ತೆ.

ಎಂಜಿನಿಯರಿಂಗ್ ಓದಿದ ನನಗೆ ಇದು ರೋಮಾಂಚನವೇ. ಆದರೆ ಎಲೆಕ್ಟ್ರಾನಿಕ್ ಸಿಟಿಯ ಲ್ಯಾಬಲ್ಲಿ ನಾಳೆ ಔಷಧಿ ಸಿಗಬಹುದು. ಪೀಣ್ಯದ ಶೆಡ್‌ಗಳಿಗೆ ಇವತ್ತೇ ಬೇಕಿರೋದು ಲಸಿಕೆ. ಮೊದಲ ಡೋಸ್ 9 ತಿಂಗಳಿಗೆ, ಎರಡನೆಯದು 16ರಿಂದ 24 ತಿಂಗಳೊಳಗೆ. ಅಷ್ಟರಲ್ಲಿ ವಲಸೆ ಕುಟುಂಬ ಊರೇ ಬದಲಿಸಿರಬಹುದು. ಎರಡು ವರ್ಷದೊಳಗೆ ದಡಾರ ಬಂದ ಮಕ್ಕಳಿಗೇ ಎಸ್‌ಎಸ್‌ಪಿಇ ಅಪಾಯ ಹೆಚ್ಚು. ಆ ಮಗುವನ್ನು ಹುಡುಕಿಕೊಂಡು ಹೋಗಬೇಕಾದ್ದು ಸರ್ಕಾರ.