ಮುಚ್ಚಿದ ದಾರಿಯೂ ಅಪರಾಧವೇ

ಕಾನೂನು ಯಾವ ಕೃತ್ಯಕ್ಕೆ ಅಥವಾ ಲೋಪಕ್ಕೆ ಶಿಕ್ಷೆ ಗೊತ್ತುಮಾಡಿದೆಯೋ ಅದೇ ಅಪರಾಧ. 1860ರ ಭಾರತೀಯ ದಂಡ ಸಂಹಿತೆಯ 40ನೇ ಸೆಕ್ಷನ್ನಿನ ಸಾರ ಇದು. ಅದರ ಬದಲಿಗೆ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಇದೇ ಜಾಡು ಹಿಡಿದಿದೆ. ಪಾಪಕ್ಕೆ ಪ್ರಾಯಶ್ಚಿತ್ತವುಂಟು, ಸಾಲದ ತಕರಾರಿಗೆ ಸಿವಿಲ್ ದಾವೆಯುಂಟು. ಅಪರಾಧ ಮಾತ್ರ ಒಬ್ಬರಿಗಾದ ಹಾನಿಯಾಗಿ ಉಳಿಯದೆ ಇಡೀ ಸಮಾಜಕ್ಕೆ ಆದದ್ದು ಎನಿಸಿಕೊಳ್ಳುತ್ತದೆ. ಕೊಲೆ ಮೊಕದ್ದಮೆಯನ್ನು ಸರ್ಕಾರವೇ ನಡೆಸುವುದು ಇದೇ ಕಾರಣಕ್ಕೆ.

ಆಡುಮಾತಿನಲ್ಲಿ ಈ ಪದದ ವ್ಯಾಪ್ತಿ ಬೇರೆ. ‘ಬಡವರಾಗಿ ಹುಟ್ಟಿದ್ದೇ ಅಪರಾಧವಾ?’ ಎಂಬ ನೊಂದ ಪ್ರಶ್ನೆಯಲ್ಲಿ ಅದು ಹಿಗ್ಗುತ್ತದೆ. ಜಾತಿಯ ವಿಷಯ ಬಂದರೆ ಕುಗ್ಗಿಬಿಡುತ್ತದೆ. ರಕ್ತ ಹರಿದರೆ ಮಾತ್ರ ಅಪರಾಧ, ಅದಕ್ಕಿಂತ ಮುಂಚಿನದೆಲ್ಲ ‘ಊರಿನ ಪದ್ಧತಿ’, ಹೆಚ್ಚೆಂದರೆ ‘ಗಲಾಟೆ’.

ಈ ಸಂಕುಚಿತ ಅರ್ಥದ ಬೆಲೆ ಎಷ್ಟೆಂಬುದನ್ನು ನಂಜನಗೂಡು ತಾಲ್ಲೂಕಿನ ಬದನವಾಳು ಕಂಡಿದೆ. ಖಾದಿ ನೂಲುವ ಕೇಂದ್ರಕ್ಕೆ ಹೆಸರಾದ, ಗಾಂಧೀಜಿ ಬಂದುಹೋದ ಊರು ಅದು. ಸಿದ್ಧೇಶ್ವರ ದೇವಸ್ಥಾನಕ್ಕೆ ದಲಿತರ ಪ್ರವೇಶದ ವಿವಾದ ಬೆಳೆದು, 1993ರ ಮಾರ್ಚ್‌ನಲ್ಲಿ ಮೂವರು ದಲಿತರ ಕೊಲೆಯಾಯಿತು. ಕೊಲೆ ಅಪರಾಧವೆಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ, ಪ್ರಕರಣ ನ್ಯಾಯಾಲಯದ ಮೆಟ್ಟಿಲೇರಿತು. ಆದರೆ ದಲಿತರ ಕೇರಿಗೂ ಲಿಂಗಾಯತರ ಬೀದಿಗೂ ನಡುವಿನ ದಾರಿ ಅಂದಿನಿಂದ ಬಳಕೆಗೆ ಮುಚ್ಚಿಹೋಯಿತು. ಅದು ಮತ್ತೆ ತೆರೆದದ್ದು 2022ರ ಅಕ್ಟೋಬರ್ 2ರಂದು, ಭಾರತ್ ಜೋಡೊ ಯಾತ್ರೆಯಲ್ಲಿ ರಾಹುಲ್ ಗಾಂಧಿ ಅಲ್ಲಿಗೆ ಬಂದಾಗ. ಎರಡೂ ಸಮುದಾಯದವರು ಅಂದು ಒಂದೇ ಪಂಕ್ತಿಯಲ್ಲಿ ಕೂತು ಉಂಡರು. ಒಳ್ಳೆಯದೇ ಆಯಿತು. ಆದರೂ ಒಂದು ಬೀದಿ ತೆರೆಯಲು ಇಪ್ಪತ್ತೊಂಬತ್ತು ವರ್ಷ ಕಾಯಬೇಕಾಗಿ ಬಂದದ್ದು ಅತ್ಯಂತ ನೋವಿನ ಸಂಗತಿ.

ಕಾನೂನಿನ ದೃಷ್ಟಿ ಇಷ್ಟು ಕಿರಿದಾಗಿಲ್ಲ. ಅಸ್ಪೃಶ್ಯತೆಯ ಹೆಸರಿನಲ್ಲಿ ಯಾವುದೇ ನಿರ್ಬಂಧ ಹೇರುವುದನ್ನು ಸಂವಿಧಾನದ 17ನೇ ವಿಧಿಯೇ ಅಪರಾಧವೆಂದು ಹೆಸರಿಸಿದೆ. ದೇವಸ್ಥಾನ, ಬಾವಿ, ಹೋಟೆಲು, ರಸ್ತೆಗಳನ್ನು 1955ರ ಕಾಯ್ದೆ ಒಂದೊಂದಾಗಿ ಎತ್ತಿ ಹೇಳಿತು. 1976ರ ತಿದ್ದುಪಡಿ ಅದಕ್ಕೆ ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆ ಎಂದು ಹೆಸರಿಟ್ಟದ್ದಲ್ಲದೆ, ರಾಜಿಗೂ ಅವಕಾಶವಿಲ್ಲದಂತೆ ಮಾಡಿತು. ಎಂದರೆ, ‘ಊರೊಳಗೇ ಕೂತು ಬಗೆಹರಿಸಿಕೊಳ್ಳೋಣ’ ಎಂದು ಯಜಮಾನರು ಕಡತ ಮುಚ್ಚಿಸುವಂತಿಲ್ಲ. ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಸಾಮಾಜಿಕ ಬಹಿಷ್ಕಾರ ಹಾಕುವುದು, ಬಹಿಷ್ಕಾರದ ಬೆದರಿಕೆ ಒಡ್ಡುವುದು ಎರಡೂ ಅಪರಾಧ.

ಇಂಥ ದೂರನ್ನು ‘ಸಣ್ಣ ಗಲಾಟೆ’ ಎಂದು ಠಾಣೆಯಿಂದ ಸಾಗಹಾಕುವ ಪೊಲೀಸರನ್ನೂ ಈ ದೌರ್ಜನ್ಯ ತಡೆ ಕಾಯ್ದೆ ಬಿಟ್ಟಿಲ್ಲ. ಬಾಯಿಮಾತಿನಲ್ಲಿ ಹೇಳಿದ ದೂರನ್ನು ಬರೆದುಕೊಂಡು, ದೂರುದಾರರಿಗೆ ಓದಿ ಹೇಳಿ, ಆಮೇಲೆ ಸಹಿ ಪಡೆಯುವುದು ಅವರ ಕರ್ತವ್ಯ. ಪರಿಶಿಷ್ಟ ಜಾತಿ, ಪಂಗಡಗಳಿಗೆ ಸೇರದ ಅಧಿಕಾರಿ ಬೇಕೆಂದೇ ಇದನ್ನು ಕಡೆಗಣಿಸಿದರೆ, 4ನೇ ಸೆಕ್ಷನ್ನಿನಡಿ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು ಶಿಕ್ಷೆಯಿದೆ.